ಎರಡು ಗುಳಿಗೆ, ಒಂದೇ ಹೊಟ್ಟೆ

ಹೊಟ್ಟೆಹುಳದ ಗುಳಿಗೆ ಕೊಡುವುದು ಬಹಳ ಸುಲಭದ ಕೆಲಸ ಎಂದು ನಾನು ನೌಕರಿಗೆ ಸೇರುವಾಗ ಯಾರೋ ಹೇಳಿದ್ದರು. ಹೇಳಿದವರು ಕಲಘಟಗಿ ಕಡೆಯ ಅತ್ತೆಯರನ್ನು ನೋಡಿರಲಿಲ್ಲ. ದುಮ್ಮವಾಡದ ಸುತ್ತಿನ ಹಳ್ಳಿಗಳಿಗೆ ನಾನು ನರ್ಸಬಾಯಿ. ಇಲ್ಲಿ ವಾರಕ್ಕೊಂದಾದರೂ ನಗುವಂಥದ್ದು ನಡೆಯುತ್ತದೆ. ಈ ವರ್ಷ ಒಂದೇ ಮನೆಯಲ್ಲಿ ಸಾಲಾಗಿ ನಡೆದವು. ನಗು ಬಂದದ್ದು ನಿಜ. ಆ ಮನೆಯ ಸೊಸೆ ಸಾವಿನ ಬಾಗಿಲ ತನಕ ಹೋಗಿದ್ದಳು ಎಂಬುದೂ ಅಷ್ಟೇ ನಿಜ.

ಡಬ್ಬಿ

ಸೊಸೆಗೆ ಇಪ್ಪತ್ತಾರು ವರ್ಷ. ಬರಿಗಾಲಲ್ಲಿ ಭತ್ತದ ಗದ್ದೆಯ ಕಳೆ ತೆಗೆಯುವವಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದಂತೆ ಬಿಳಿ. ಅತ್ತೆಯದು ಮಾತ್ರ ಒಂದೇ ಮಾತು: "ಏನೂ ಆಗಿಲ್ರಿ, ಮೈಗಳ್ಳಿ ಅದಾಳ."

ನಮ್ಮ ಡಾಕ್ಟರು ಮಲ ಪರೀಕ್ಷೆ ಆಗಲಿ ಎಂದರು. ಸೊಸೆಗೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಅದರಲ್ಲಿ ಏನು ಬೇಕು ಎಂಬುದನ್ನು ಕಿವಿಯಲ್ಲಿ ಹೇಳಿ ಬಂದೆ. ಮರುದಿನ ಅತ್ತೆ, ಕಾಗದ ಸುತ್ತಿದ ಡಬ್ಬಿಯನ್ನು ನನ್ನ ಕೈಗಿತ್ತಳು. ಮುಖ ಆ ಕಡೆ ತಿರುಗಿಸಿಕೊಂಡು ಚೀಲಕ್ಕೆ ಹಾಕಿ, ಚೀಲವನ್ನು ಸ್ಕೂಟಿಗೆ ನೇತುಹಾಕಿ ಒಯ್ದೆ.

ಡಾಕ್ಟರು ಮುಚ್ಚಳ ತೆಗೆದು ಮೂಸಿ ನೋಡಿದರು. "ಸಿಸ್ಟರ್, ಇದರಾಗ ಬೆಳ್ಳುಳ್ಳಿ ಐತಿ," ಎಂದರು.

ಶೇಂಗಾ ಚಟ್ನಿಪುಡಿ! ಸೊಸೆ ನಾಚಿಕೆಗೆ ಬಾಯಿಯೇ ಬಿಟ್ಟಿರಲಿಲ್ಲ. ಅತ್ತೆಗೆ ತಿಳಿದದ್ದು ಇಷ್ಟೇ: "ಮಂದಿ ಡಬ್ಬಿ ಖಾಲಿ ತಿರುಗಿ ಕೊಡಬಾರದ್ರಿ. ಅದಕ್ಕ ತೊಳದು, ತುಂಬಿ ಕೊಟ್ಟೀನಿ."

ಎರಡನೆಯ ಡಬ್ಬಿ ಕೊಡುವಾಗ ಅತ್ತೆಗೇ ಬಿಡಿಸಿ ಹೇಳಿದೆ. ಆಕೆ ಅದನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದಳು: "ಅಂದ್ರ ನಿಮ್ಮ ಡಾಕ್ಟರಿಗಿ ನಮ್ಮ ಚಟ್ನಿ ಸೇರಲಿಲ್ಲೇನ್ರಿ?"

ಪಾಲು

ಪರೀಕ್ಷೆಯಲ್ಲಿ ಎರಡು ಜಾತಿಯ ಹುಳ ಸಿಕ್ಕವು: ರಕ್ತ ಹೀರುವ ಕೊಕ್ಕೆಹುಳ, ಜೊತೆಗೆ ಚಾಟಿಹುಳ. ನಾವು ಯಾವಾಗಲೂ ಕೊಡುವ ಒಂದೇ ಔಷಧಕ್ಕೆ ಚಾಟಿಹುಳ ಸುಲಭವಾಗಿ ಜಗ್ಗುವುದಿಲ್ಲ. ಇನ್ನೊಂದು ಔಷಧ ಕೂಡಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಹಾಗಾಗಿ ಡಾಕ್ಟರು ದೊಡ್ಡದೊಂದು, ಸಣ್ಣದೊಂದು ಗುಳಿಗೆ ಕೊಟ್ಟರು. ಎರಡೂ ಒಟ್ಟಿಗೆ ಹೊಟ್ಟೆಗೆ ಇಳಿಯಬೇಕು. ರಕ್ತ ಹೆಚ್ಚಲು ಕಬ್ಬಿಣದ ಗುಳಿಗೆ ಬೇರೆ. "ತಡ ಆದ್ರ ರಕ್ತಾನ ಏರಿಸಬೇಕಾಗತೈತಿ," ಎಂದೂ ಹೇಳಿ ಕಳಿಸಿದರು.

ವಾರ ಬಿಟ್ಟು ಹೋಗಿ ಕೇಳಿದೆ. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಹೇಳಿದಳು: "ಸಣ್ಣದು ಆಕಿ ನುಂಗ್ಯಾಳ್ರಿ. ದೊಡ್ಡದು ನನ್ನ ಮಗಾ."

"ಅವಗ ಹುಳ ಅದಾವೇನು?"

"ಇಲ್ರಿ."

"ಮತ್ತ ಯಾಕ ಕೊಟ್ಟಿ?" ನನಗೆ ಮೈಯೆಲ್ಲ ಉರಿದುಹೋಯಿತು.

"ಗಂಡನ್ನ ಬಿಟ್ಟು ಆಕಿ ಒಬ್ಬಾಕಿನ ಎರಡೂ ನುಂಗಿದ್ರ, ನೋಡಿದ ಮಂದಿ ಏನಂತಾರ್ರಿ?"

ಗದ್ದೆ

ಮತ್ತೆ ಎರಡು ಗುಳಿಗೆ ತಂದೆ. ಈ ಸಲ ನನ್ನ ಕಣ್ಣೆದುರೇ ನುಂಗಿಸುವುದೆಂದು ಹಟ. ಸೋಮವಾರ ಹೋದರೆ, "ಇವತ್ತ ಆಕಿ ಉಪಾಸ ಅದಾಳ್ರಿ, ಬಾಯಾಗ ಏನೂ ಹಾಕೂದಿಲ್ಲ." ಮಂಗಳವಾರ ಹೋಗುವಷ್ಟರಲ್ಲಿ ಆಕೆ ಕಳೆ ತೆಗೆಯಲು ಹೋಗಿಯಾಗಿತ್ತು. ಬಿಡುವವಳೇ ನಾನು? ನೇರ ಗದ್ದೆಗೆ ಹೋದೆ. ಕೆಸರಿನಲ್ಲಿ ಚಪ್ಪಲಿ ಕಚ್ಚಿಕೊಂಡಿತು. ಕಿತ್ತು ಕೈಯಲ್ಲಿ ಹಿಡಿದು ಮುಂದೆ ಹೊರಟೆ.

ಬಗ್ಗಿದ್ದ ಹೆಂಗಸರೆಲ್ಲ ನೆಟ್ಟಗೆ ನಿಂತರು. ಬರಿಗಾಲಲ್ಲಿ ತಿರುಗಿದರೆ ಅಂಗಾಲಿನಿಂದಲೇ ಹುಳ ಏರುತ್ತವೆ ಎಂದು ಅವರಿಗೆ ಮೂರು ವರ್ಷದಿಂದ ಭಾಷಣ ಬಿಗಿದವಳು ನಾನೇ. ಸೊಸೆ ಬದುವಿನ ಮೇಲೆ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ತಿಂದು, ಎರಡೂ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿದಳು. ಗೆದ್ದ ಸಂತೋಷದಲ್ಲಿ ತಿರುಗಿದೆ. ಹಿಂದಿನಿಂದ ಒಬ್ಬಾಕೆ ಕೂಗಿದಳು: "ಅಕ್ಕಾರ, ಚಪ್ಪಲಿ ಕಾಲಾಗ ಹಾಕ್ಕೋರಿ! ಕೈಯಾಗ ಹಿಡದ ತೋರಿಸಿದ್ರ ಹುಳಾ ಹೆದರೂದಿಲ್ಲ!"

ಹಾಸಿಗೆ

ಹುಳ ಸತ್ತರೂ ಅವು ಕುಡಿದ ರಕ್ತ ಮರುದಿನವೇ ತಿರುಗಿ ಬರುವುದಿಲ್ಲ. ಒಂಬತ್ತನೆಯ ದಿನ ಸೊಸೆ ಗದ್ದೆಯಲ್ಲೇ ಬಿದ್ದಳು. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಆಕೆಯ ತಣ್ಣನೆಯ ಕೈ ನನ್ನ ಕೈಯಲ್ಲಿತ್ತು. ಹೋಗಿಬಿಡುತ್ತಾಳೆ ಎಂದೇ ಹೆದರಿದ್ದೆ. ಮೊದಲ ದಿನವೇ ಎದುರು ಕೂತು ನುಂಗಿಸದ ನನ್ನನ್ನೇ ಬೈದುಕೊಂಡೆ.

ಕೂಡಲೇ ರಕ್ತ ಬೇಕೆಂದರು. ದೊಡ್ಡ ಗುಳಿಗೆ ನುಂಗಿದ್ದ ಗಂಡ ಸೂಜಿ ನೋಡಿದವನೇ ಗೋಡೆಗೆ ಒರಗಿ ನೆಲಕ್ಕೆ ಕುಸಿದ. ಅತ್ತೆ ಅವನನ್ನು ದಾಟಿ ಬಂದು ತೋಳು ಚಾಚಿದಳು. "ನಂದ ತಗೋರಿ. ಗಟ್ಟಿ ಜೀವ ಐತಿ."

ಬೆರಳು ಚುಚ್ಚಿ ರಕ್ತ ನೋಡಿದ ಲ್ಯಾಬಿನ ಹುಡುಗಿ ಇನ್ನೊಮ್ಮೆ ಚುಚ್ಚಿ ನೋಡಿದಳು. "ಅವ್ವಾರ, ನೀವು ರಕ್ತ ಕೊಡೂದಲ್ರಿ, ನಿಮಗ ಯಾರರ ಕೊಡಬೇಕು. ಸೊಸಿಕಿಂತ ಒಂದ ಚೂರು ಹೆಚ್ಚೈತಿ, ಅಷ್ಟ."

ಕಡೆಗೆ ರಕ್ತ ಕೊಟ್ಟವನು ಆಂಬುಲೆನ್ಸಿನ ಡ್ರೈವರ. ಅತ್ತೆ ಬೆಂಚಿನ ಮೇಲೆ ಬೆರಳ ತುದಿಯ ಹತ್ತಿ ಒತ್ತಿಕೊಂಡು ಕೂತಳು. ಆಮೇಲೆ ಹೇಳಿದಳು: "ನನಗೂ ಹಿಂಗ ತಲಿ ತಿರಗತೈತ್ರಿ. ಮೂವತ್ತ ವರ್ಷ ಆತು. ನಮ್ಮತ್ತಿ ಬೈತಿದ್ಲು. ನಂದ ತಪ್ಪು ಅನಕೊಂಡು ಇನ್ನಷ್ಟು ದುಡದೆ."

ಆಕೆಯನ್ನು ಸರಿಯಾಗಿ ಬೈಯಬೇಕೆಂದು ದಾರಿಯಲ್ಲಿ ಕೂಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು, ಆಕೆಯ ಬೆರಳಿನ ಹತ್ತಿ ಬದಲಿಸಿದೆ. ಆಕೆ ಎದ್ದು ವಾರ್ಡಿನ ಒಳಗೆ ನಡೆದಳು. ಸೊಸೆಯ ಕೈಗೆ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು, ಕಣ್ಣು ತೆರೆದಿದ್ದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ತುದಿಗೆ ಕೂತು, ಸೊಸೆಯ ಕಾಲನ್ನು ಮೆಲ್ಲಗೆ ದೂಡಿದಳು.

"ಬಾಜು ಸರೀ ಬೇ ಸ್ವಲ್ಪ. ನನಗೂ ನಿನ್ನ ಜಡ್ಡ ಐತಂತ."