ನಲವತ್ತಕ್ಕೆ ಹನ್ನೊಂದು

ಒಮ್ಮೆ ಕಲಿತ ಈಜು ಮರೆಯುವುದಿಲ್ಲ ಎನ್ನುತ್ತಾರೆ. ಪಾಠ ಮಾಡುವುದೂ ಹಾಗೆಯೇ ಇರಬಹುದೇ? ಇಲ್ಲದಿದ್ದರೆ? ಮೂರು ತಿಂಗಳು ಸೀಮೆಸುಣ್ಣ ಮುಟ್ಟದ ಕೈ ಕಪ್ಪುಹಲಗೆಯ ಮೇಲೆ ಬರೆಯುವುದನ್ನೇ ಮರೆತಿದ್ದರೆ? ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನಿರ್ದೇಶಕರು ಜೇಬಿನಲ್ಲಿದ್ದ ಪತ್ರವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡರು.

ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ನನಗೆ ಈ ಹುದ್ದೆ ಬೇಡ, ಮತ್ತೆ ತರಗತಿಗೆ ಕಳಿಸಿ. ಸಂಜೆ ನಾಲ್ಕಕ್ಕೆ ಅದನ್ನು ಆಡಳಿತ ಮಂಡಳಿಯ ಅಧ್ಯಕ್ಷರ ಕೈಗೆ ಕೊಡಬೇಕು. ಬೆಳಿಗ್ಗೆ ಹೆಂಡತಿ ಓದಿ, ಮಡಚಿ, ಅವರ ಜೇಬಿಗೇ ಇಟ್ಟಿದ್ದಳು. “ಕೊಡೋದಾದ್ರೆ ಕೊಡಿ ರೀ. ಆದ್ರೆ ಪಾಠ ಮಾಡೋಕೆ ಇನ್ನೂ ಬರುತ್ತಾ ಅಂತ ನೋಡ್ಕೊಂಡು ಕೊಡಿ. ಈಗೀಗ ನೀವು ಮನೇಲಿ ಮಾತಾಡೋದೂ ಸುತ್ತೋಲೆ ಓದಿದ ಹಾಗಿರುತ್ತೆ.”

ಮೂವತ್ತೊಂದು ವರ್ಷ ಗಣಿತ ಹೇಳಿ ಮಕ್ಕಳ ಬಾಯಲ್ಲಿ ‘ಭಿನ್ನರಾಶಿ ಮೇಷ್ಟ್ರು’ ಎನಿಸಿಕೊಂಡಿದ್ದವರು ಅವರು. ಚೆನ್ನಾಗಿ ಪಾಠ ಮಾಡುತ್ತಾರೆ ಎಂಬ ಒಂದೇ ತಪ್ಪಿಗೆ ಆಡಳಿತ ಮಂಡಳಿ ಅವರನ್ನು ಪಾಠದಿಂದ ಬಿಡಿಸಿ ಏಳು ಶಾಲೆಗಳ ನೆತ್ತಿಯ ಮೇಲೆ ಕೂರಿಸಿತ್ತು. ತರಗತಿಯಲ್ಲಿ ಒಂದು ಮೌನವಿರುತ್ತದೆ, ಲೆಕ್ಕ ಅರ್ಥವಾಗುವುದಕ್ಕೆ ಒಂದು ಗಳಿಗೆ ಮುಂಚೆ ಬರುವಂಥದು. ಹೊಸ ಕೋಣೆಯ ಮೌನ ಬೇರೆ ಜಾತಿಯದಾಗಿತ್ತು. ಅದನ್ನು ತಡೆಯಲಾರದೆ ಅವರು ಸುತ್ತೋಲೆ ಬರೆಯಲು ಶುರುಮಾಡಿದರು. ಗುಮಾಸ್ತ ಅವುಗಳಿಗೆ ರಬ್ಬರ್ ಮೊಹರು ಒತ್ತಿ ಏಳೂ ಶಾಲೆಗೆ ಹಂಚುತ್ತಿದ್ದ. ಮೂರು ತಿಂಗಳಿಗೆ ಇಪ್ಪತ್ತಾರಾದವು. ಬರೆದವರು ಮರೆತರು; ಓದಿದವರು ಮರೆಯುವಂತಿರಲಿಲ್ಲ.

ಏಳನೆಯ ಶಾಲೆ ಊರಾಚೆಗಿತ್ತು. ಅಲ್ಲಿಗೆ ಅವರು ಕಾಲಿಟ್ಟಿರಲಿಲ್ಲ, ಅವರ ಮುಖ ಕಂಡವರೂ ಅಲ್ಲಿರಲಿಲ್ಲ. ಕಾರನ್ನು ತಿರುವಿನಲ್ಲೇ ನಿಲ್ಲಿಸಿ, ನಡೆದುಕೊಂಡು ಹೋದರು. ಯಾವ ನೆಪ ಹೇಳಿ ಒಳಗೆ ಹೋಗುವುದೆಂದು ಯೋಚಿಸುವ ಕಷ್ಟವನ್ನು ಬಾಗಿಲಲ್ಲಿದ್ದ ಜವಾನನೇ ತಪ್ಪಿಸಿದ.

“ಬದಲಿ ಮೇಷ್ಟ್ರು ಅಲ್ವಾ? ನಾಲ್ಕು ದಿನದಿಂದ ಕೇಳ್ತಾ ಇದೀವಿ. ಅಂತೂ ಕಳಿಸಿದ್ರಲ್ಲ.”

ಆ ಬೇಡಿಕೆ ಪತ್ರ ತಮ್ಮ ಮೇಜಿನ ಮೇಲೆ, ಎರಡು ಕಡತಗಳ ನಡುವೆ, ನಾಲ್ಕು ದಿನದಿಂದ ಮಲಗಿದ್ದು ನಿರ್ದೇಶಕರಿಗೆ ನೆನಪಾಯಿತು. ಅವರು ಒಳಗೆ ಕಾಲಿಟ್ಟರು. ಜವಾನ ಎರಡು ಸೀಮೆಸುಣ್ಣ ಎಣಿಸಿ ಕೈಗಿಟ್ಟ.

“ಮೂರನೇದು ಕೇಳ್ಬೇಡಿ ಮೇಷ್ಟ್ರೇ. ಮೇಲೊಬ್ಬ ಪುಣ್ಯಾತ್ಮ ಕೂತಿದಾನೆ, ಎಣಿಸಿ ಕೊಡಿ ಅಂತಾನೆ.”

“ಯಾರವರು?”

“ಯಾರೋಪ್ಪ. ಮೊದ್ಲು ಮೇಷ್ಟ್ರಾಗಿದ್ರಂತೆ. ನಂಬೋದು ಕಷ್ಟ.”

ಏಳನೇ ತರಗತಿ. ಪಾಠ, ದೇವರು ಕೊಟ್ಟಂತೆ, ಭಿನ್ನರಾಶಿ. ಮೊದಲ ಐದು ನಿಮಿಷ ಅವರ ದನಿ ಸುತ್ತೋಲೆಯದೇ ಆಗಿತ್ತು. ಮಕ್ಕಳು ಸಾಲಾಗಿ ಆಕಳಿಸಿದರು. ಮೂರನೇ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತು, ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಮೂರನೇ ಒಂದಕ್ಕಿಂತ ನಾಲ್ಕನೇ ಒಂದೇ ದೊಡ್ಡದು ಎಂದು ಮೊಂಡು ಹಿಡಿದಳು. ಆ ಮೊಂಡುತನ ಕಂಡದ್ದೇ ತಡ, ಮೇಷ್ಟ್ರ ಮೈಯಲ್ಲಿ ಹೊಸ ರಕ್ತ ಹರಿಯಿತು.

ಒಂದು ಬೆಂಚಿನಲ್ಲಿ ಮೂವರನ್ನು ಕೂರಿಸಿದರು. ಪಕ್ಕದ ಬೆಂಚಿನಲ್ಲಿ ನಾಲ್ವರನ್ನು, ಆ ಹುಡುಗಿಯನ್ನೂ ಸೇರಿಸಿ, ಒತ್ತಿದರು. “ಈಗ ಹೇಳಮ್ಮ, ಯಾರ ಪಾಲಿಗೆ ಜಾಗ ಜಾಸ್ತಿ?”

ಆ ಮೌನ ಬಂತು. ಮೂರು ತಿಂಗಳಿಂದ ಅವರು ಕಾಯುತ್ತಿದ್ದ, ಸೂಜಿ ಬಿದ್ದರೂ ಕೇಳುವಂಥ ಅದೇ ಮೌನ. ಆದರೆ ಬಿದ್ದದ್ದು ಸೂಜಿಯಲ್ಲ, ತುದಿಯಲ್ಲಿದ್ದ ದಪ್ಪ ಹುಡುಗ. ತೆಂಗಿನಕಾಯಿ ಮೂಟೆ ಉರುಳಿದಂತೆ ಸದ್ದಾಯಿತು. ತರಗತಿ ನಕ್ಕ ನಗೆಗೆ ಕಿಟಕಿ ಗಾಜು ನಡುಗಿತು. ನಗೆಯ ನಡುವೆಯೇ ಹುಡುಗಿ ಕೂಗಿದಳು: “ಹಂಚ್ಕೊಳ್ಳೋರು ಜಾಸ್ತಿ ಆದ್ರೆ ಪಾಲು ಚಿಕ್ಕದಾಗುತ್ತೆ ಸಾರ್!”

ಮೇಷ್ಟ್ರ ಕಣ್ಣು ಮಂಜಾಯಿತು. ಆದ್ದರಿಂದಲೇ ಬಾಗಿಲಲ್ಲಿ ಪಕ್ಕದ ತರಗತಿಯ ಚರಿತ್ರೆ ಮೇಷ್ಟ್ರು ನಿಂತದ್ದು ಅವರಿಗೆ ಕಾಣಲಿಲ್ಲ. ಗದ್ದಲ ಗೋಡೆ ದಾಟಬಾರದೆಂಬ ಹನ್ನೆರಡನೇ ಸುತ್ತೋಲೆಯನ್ನು ಆತ ತನ್ನಷ್ಟಕ್ಕೇ ಬಾಯಿಪಾಠ ಒಪ್ಪಿಸಿಕೊಂಡು, ದೂರು ಹೇಳಲು ಹೋದ. ಎರಡು ನಿಮಿಷದಲ್ಲಿ ಮುಖ್ಯೋಪಾಧ್ಯಾಯಿನಿ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಮಡಿಲಲ್ಲಿ ಒಂದು ಹಾಳೆ ಬಿಡಿಸಿದರು. ದೂರದಿಂದಲೇ ನಿರ್ದೇಶಕರು ಅದನ್ನು ಗುರುತಿಸಿದರು. ಹೆತ್ತವರಿಗೆ ಮಗುವಿನ ಗುರುತು ಸಿಗದಿರುತ್ತದೆಯೇ? ನಲವತ್ತು ಚೌಕಗಳ ಪರಿಶೀಲನಾ ಪತ್ರ, ಸುತ್ತೋಲೆ ಇಪ್ಪತ್ತು.

ಗಂಟೆ ಹೊಡೆದ ಮೇಲೆ ಆಕೆ ಕೋಣೆಗೆ ಕರೆಸಿಕೊಂಡರು. ಮಕ್ಕಳು ಜಾಗ ಬಿಟ್ಟು ಎದ್ದದ್ದು, ನಕ್ಕದ್ದು, ಬಿದ್ದದ್ದು, ನಿಮಿಷವಾರು ಪಾಠಪಟ್ಟಿ ಇಲ್ಲದ್ದು, ಎಲ್ಲಕ್ಕೂ ಸೊನ್ನೆ. ನಲವತ್ತಕ್ಕೆ ಹನ್ನೊಂದು. ಹದಿನೈದಕ್ಕಿಂತ ಕಡಿಮೆ ಬಂದವರು ಏಳೂ ಶಾಲೆಗಳಲ್ಲಿ ಎಲ್ಲಿಯೂ ತರಗತಿಗೆ ಕಾಲಿಡುವಂತಿಲ್ಲ. ಹದಿನೈದೂ ಬಾರದವರು ಯಾರಿರುತ್ತಾರೆ ಎಂದು ಉದಾರವಾಗಿ ಆ ಗೆರೆ ಎಳೆದವರು ಸ್ವತಃ ನಿರ್ದೇಶಕರೇ.

“ಆ ಹುಡುಗಿಗೆ ಲೆಕ್ಕ ಅರ್ಥ ಆಯ್ತಲ್ಲ ಮೇಡಂ” ಎಂದರು ಅವರು, ಮಗ್ಗಿ ಮರೆತ ಹುಡುಗನ ದನಿಯಲ್ಲಿ.

ಆಕೆ ಹಾಳೆಯನ್ನು ಅವರತ್ತ ತಿರುಗಿಸಿದರು. “ಇಷ್ಟು ಒಳ್ಳೆ ಪಾಠ ನಾನು ನೋಡಿ ಹತ್ತು ವರ್ಷ ಆಯ್ತು ಮೇಷ್ಟ್ರೇ. ಆದ್ರೆ ಒಳ್ಳೆ ಪಾಠ ಅಂತ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ. ಇಲ್ಲೊಂದು ಸಹಿ ಹಾಕಿ.”

ಮೂವತ್ತೊಂದು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕೈ. ತಾನಾಗಿಯೇ ಸಹಿ ಹಾಕಿತು.

ಆದರೂ ಕಾರಿಗೆ ಮರಳಿದಾಗ ಅವರ ಎದೆ ಹಗುರವಾಗಿತ್ತು. ಪಾಠ ಮರೆತಿರಲಿಲ್ಲ. ಹೆಂಡತಿಗೆ ಉತ್ತರ ಸಿಕ್ಕಿತ್ತು. ನಾಲ್ಕಕ್ಕೆ ಸರಿಯಾಗಿ ಅಧ್ಯಕ್ಷರ ಕೋಣೆ ಹೊಕ್ಕು ಜೇಬಿಗೆ ಕೈಹಾಕಿದರು.

ಅಧ್ಯಕ್ಷರು ಅದಕ್ಕೆ ಮೊದಲೇ ಎದ್ದು ಬಂದು ಅವರನ್ನು ತಬ್ಬಿಕೊಂಡರು. ಏಳನೆಯ ಶಾಲೆಯಿಂದ ಈಗಷ್ಟೇ ಕಾಗದ ಬಂದಿದೆ, ಯಾವನೋ ಅಯೋಗ್ಯ ಬದಲಿ ಮೇಷ್ಟ್ರನ್ನು ನಿಮ್ಮ ಪರಿಶೀಲನಾ ಪತ್ರ ನಲವತ್ತೇ ನಿಮಿಷದಲ್ಲಿ ಹಿಡಿದುಹಾಕಿದೆ, ಹಿಂದಿನ ಕಾಲವಾಗಿದ್ದರೆ ಇಂಥವನು ಮೂವತ್ತು ವರ್ಷ ಮಕ್ಕಳ ತಲೆ ತಿನ್ನುತ್ತಿದ್ದ ಎಂದರು. ನಿರ್ದೇಶಕರ ಹುದ್ದೆಯನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಲು ಆಗಲೇ ತೀರ್ಮಾನವಾಗಿತ್ತು. “ಇಲ್ಲಿ ನಿಮ್ಮದೊಂದು ಸಹಿ ಬಿದ್ರೆ ಅವನ ಕತೆ ಮುಗೀತು” ಎಂದು ಅದೇ ಹಾಳೆ ಮುಂದಿಟ್ಟರು.

ಜೇಬಿನಿಂದ ಪತ್ರದ ಬದಲು ಪೆನ್ನು ಹೊರಬಂತು. ಮೇಷ್ಟ್ರ ಸಹಿಯ ಪಕ್ಕದಲ್ಲಿ ನಿರ್ದೇಶಕರ ಸಹಿ ಬಿತ್ತು, ಅವಳಿ ಮಕ್ಕಳಂತೆ. ಅಧ್ಯಕ್ಷರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. ಸಿಕ್ಕಿಬಿದ್ದರೆ ಬಿಡುಗಡೆ ಎಂಬ ಆಸೆ, ನಿರ್ದೇಶಕರ ಹೆದರಿಕೆಯ ಹಿಂದೆಯೇ, ಇಣುಕಿ ನೋಡಿತು.

“ಎಂಥಾ ಖದೀಮ ನೋಡಿ” ಎಂದರು ಅಧ್ಯಕ್ಷರು. “ನಿಮ್ಮ ಸಹೀನೂ ನಕಲು ಹೊಡ್ದಿದಾನೆ. ಇಂಥೋನನ್ನ ಮಕ್ಕಳ ಹತ್ರ ಬಿಡೋದುಂಟಾ?”

ನಿರ್ದೇಶಕರು ಬಿಡಬಾರದು ಎಂದು ತಲೆಯಾಡಿಸಿದರು. ಮರುದಿನ, ಆ ಬದಲಿ ಮೇಷ್ಟ್ರನ್ನು ಏಳೂ ಶಾಲೆಯೊಳಗೆ ಬಿಡಬಾರದೆಂಬ ಇಪ್ಪತ್ತೇಳನೇ ಸುತ್ತೋಲೆ ಹೊರಟಿತು. ಎರಡೂ ಸಹಿ ತಮ್ಮವೇ ಎಂದು ಅವರು ಯಾರಿಗೂ ಹೇಳಲಿಲ್ಲ.