ಟೀಮ್ ಮ್ಯಾನೇಜರ್ ಆದ ಶುಕ್ರವಾರಗಳು

ಹುಡುಗಿಯರ ತಂಡ ಎಲ್ಲಿಗೆ ಹೋದರೂ ಜೊತೆಗೊಬ್ಬಳು ಹೆಂಗಸು ಹೋಗಲೇಬೇಕು ಅನ್ನುವ ನಿಯಮ ಇರುವ ತನಕ, ನನ್ನಂಥವಳಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ತಪ್ಪಿಸಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ನೇಮಕಾತಿ

ಆಗ ನಾನು ದುಬೈಯ ಒಂದು ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿದ್ದೆ. ಅಂತರ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಟೂರ್ನಿ ಬಂತು. ದುಬೈ, ಅಬುಧಾಬಿಯ ಎಂಟು ಕಾಲೇಜು, ಶುಕ್ರವಾರ ಶುಕ್ರವಾರ ಮ್ಯಾಚು. ಅಂದರೆ ನಮ್ಮ ರಜೆಯ ದಿನವೇ. ಡೀನ್ ಕರೆದು, "ನೀವೇ ಟೀಮ್ ಮ್ಯಾನೇಜರ್" ಎಂದರು.

"ಸರ್, ನನಗೆ ಆ ಆಟ ಗೊತ್ತಿಲ್ಲ."

"ಆಟ ಕೋಚಿಗೆ ಗೊತ್ತು. ನೀವು ಹುಡುಗಿಯರ ಐಡಿ ಕಾರ್ಡು, ನೀರಿನ ಬಾಟ್ಲಿ ನೋಡಿಕೊಳ್ಳಿ."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಟೀವಿಯಿಂದ ಕಣ್ಣು ತೆಗೆಯದೆ, "ಎಷ್ಟು ಜನ ಆಡುವುದು ಅದರಲ್ಲಿ?" ಎಂದು ಕೇಳಿದರು.

"ಗೊತ್ತಿಲ್ಲ."

"ಎಷ್ಟು ಹೊತ್ತು?"

"ಗೊತ್ತಿಲ್ಲ."

"ಸರಿ ಬಿಡು. ನಮ್ಮ ಮ್ಯಾನೇಜರೂ ಹೀಗೇ."

ಹದಿಮೂರನೆಯವಳು

ಮೊದಲ ಮ್ಯಾಚು ಅಬುಧಾಬಿಯ ಬನಿಯಾಸಿನಲ್ಲಿ. ಬೆಳಿಗ್ಗೆ ಆರಕ್ಕೆ ಬಸ್ಸು. ಡ್ರೈವರ್ ಉಳ್ಳಾಲದ ಬ್ಯಾರಿ. ನಾನು ಅವರಿಗೆ ಕಾಕ ಅನ್ನುವುದು, ಅವರು ನನಗೆ ಅಕ್ಕ ಅನ್ನುವುದು. ದಾರಿಯಲ್ಲಿ ಪೆಟ್ರೋಲ್ ಪಂಪಿನ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಹೊರಡುವಾಗ ತಲೆ ಎಣಿಸಿದೆ. ನಮ್ಮ ಹುಡುಗಿಯರು ಹನ್ನೆರಡು, ಲೆಕ್ಕಕ್ಕೆ ಹದಿಮೂರು ಬಂತು. ನಿದ್ದೆಗಣ್ಣು, ನನ್ನನ್ನೂ ಸೇರಿಸಿ ಎಣಿಸಿರಬೇಕು ಎಂದುಕೊಂಡು "ಯಲ್ಲಾ, ಹೊರಡುವ" ಎಂದೆ.

ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಸೀಟಿನಲ್ಲಿ ಒಬ್ಬಳು ಕಿವಿಯಿಂದ ಹೆಡ್‌ಫೋನ್ ತೆಗೆದು, ಸುತ್ತ ನೋಡಿ ಕಿರುಚಿದಳು. ಅವಳದ್ದೂ ನೀಲಿ ಟ್ರ್ಯಾಕ್‌ಸೂಟು, ನಮ್ಮವರದ್ದೂ ನೀಲಿ. ಅದೇ ಪಂಪಿನಲ್ಲಿ ನಿಂತಿದ್ದ ಇನ್ನೊಂದು ಕಾಲೇಜಿನವಳು, ತಪ್ಪಿ ನಮ್ಮ ಬಸ್ಸು ಹತ್ತಿದ್ದಾಳೆ! ಅಷ್ಟರಲ್ಲಿ ನನಗೆ ಅವಳ ಮ್ಯಾನೇಜರಿನ ಫೋನು: "ನಮ್ಮ ಹುಡುಗಿಯನ್ನು ಎತ್ತಿಕೊಂಡು ಹೋಗಿದ್ದೀರಾ?" ಅವತ್ತು ನಮ್ಮ ಮ್ಯಾಚು ಅವರ ಮೇಲೆಯೇ.

ನಾನು ಬೆವರುತ್ತಾ ಕಾಕನಿಗೆ ವಿಷಯ ಹೇಳಿದೆ. ಅವರು ಕನ್ನಡಿಯಲ್ಲಿ ಹುಡುಗಿಯನ್ನು ಒಮ್ಮೆ ನೋಡಿದರು.

"ಒಳ್ಳೆ ಆಡ್ತಾಳಾ ಅಕ್ಕ?"

"ಅವರ ಟೀಮಿನಲ್ಲಿ ಇವಳೇ ದೊಡ್ಡ ಆಟಗಾರ್ತಿ ಅಂತೆ."

"ಹಾಗಾದ್ರೆ ಸ್ವಲ್ಪ ನಿಧಾನ ಹೋಗುವ."

ನಾನು ಬೈದು ಸಮಯಕ್ಕೆ ಸರಿಯಾಗಿ ತಲುಪಿಸಿದೆ. ಅವಳು ಒಬ್ಬಳೇ ನಮ್ಮನ್ನು ಸೋಲಿಸಿದಳು. ವಾಪಸು ಬರುವಾಗ ದುಬೈ ಮುಟ್ಟುವ ತನಕ ಕಾಕ ನನ್ನ ಹತ್ತಿರ ಮಾತಾಡಲಿಲ್ಲ.

ಸೆಮಿಫೈನಲ್

ಲೀಗಿನ ಮುಂದಿನ ಮ್ಯಾಚುಗಳನ್ನು ಹೇಗೋ ಗೆದ್ದು ಸೆಮಿಫೈನಲ್ ತಲುಪಿದೆವು. ನಮ್ಮ ಕಾಲೇಜು ಅಲ್ಲಿಯ ತನಕ ಹೋದದ್ದು ಅದೇ ಮೊದಲು. ಕ್ಯಾಪ್ಟನ್‌ಗೆ ಅದು ಕೊನೆಯ ವರ್ಷ; ಬಸ್ಸಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದಳು. ನನಗೋ, ಸೋತರೆ ಮುಂದಿನ ಶುಕ್ರವಾರ ಮಲಗಬಹುದು ಅನ್ನುವ ಆಸೆ ಮನಸ್ಸಿನ ಒಂದು ಮೂಲೆಯಲ್ಲಿ ಇದ್ದೇ ಇತ್ತು. ಸುಳ್ಳು ಯಾಕೆ ಹೇಳಲಿ.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮ್ಯಾಚು ಇದ್ದ ಹಾಲ್ ಹೆಂಗಸರಿಗೆ ಮಾತ್ರ. ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿ ಹೆಂಗಸು ನಮ್ಮ ಕೋಚಿಗೆ ಕೈ ಅಡ್ಡ ಹಿಡಿದಳು. ಆರೂವರೆ ಅಡಿಯ ಸರ್ಬಿಯಾದ ಮನುಷ್ಯ. ಎಷ್ಟು ಗೋಗರೆದರೂ "ಮಾಫಿ, ಮಾಫಿ." ಇಲ್ಲವೆಂದರೆ ಇಲ್ಲ. ಕೊನೆಗೆ ಅವರು ಪಾರ್ಕಿಂಗಿನ ಬಿಸಿಲಲ್ಲಿ ನಿಂತು ಫೋನಿನಲ್ಲಿ ಹೇಳುವುದು, ನಾನು ಒಳಗೆ ಹುಡುಗಿಯರಿಗೆ ದಾಟಿಸುವುದು ಎಂದಾಯಿತು.

"ಏನಾಗ್ತಿದೆ?"

"ಓಡ್ತಿದ್ದಾರೆ ಸರ್."

"ಯಾರು?"

"ಎಲ್ಲರೂ."

"ಯಾವ ಕಡೆಗೆ?"

"ಆ ಕಡೆಗೆ... ಇಲ್ಲ, ಈಗ ಈ ಕಡೆಗೆ."

ಒಬ್ಬೊಬ್ಬರು ಒಂದೊಂದು ಜಾಗ ಕಾಯಬೇಕು ಅನ್ನುವುದಕ್ಕೆ ಕೋಚ್ "ಝೋನ್! ಝೋನ್ ಅನ್ನಿ!" ಎಂದು ಕೂಗಿದರು. ನನಗೆ ಕೇಳಿಸಿದ್ದನ್ನು ನಾನೂ ಕೂಗಿದೆ: "ಫೋನ್! ಫೋನ್ ಅಂತೆ!" ಕ್ಯಾಪ್ಟನ್ ಓಡುತ್ತಲೇ ತಿರುಗಿ, "ನೌ, ಮ್ಯಾಮ್?" ಎಂದಳು.

ಹೀಗೆ ನಡೆಯುತ್ತಾ ನಡೆಯುತ್ತಾ ಕೊನೆಗೆ ಉಳಿದದ್ದು ಹನ್ನೆರಡು ಸೆಕೆಂಡು. ನಾವು ಒಂದೇ ಪಾಯಿಂಟ್ ಹಿಂದೆ. "ಟೈಮ್‌ಔಟ್ ಕೇಳಿ!" ಎಂದರು ಕೋಚ್. ಕೇಳಿದೆ. ಹುಡುಗಿಯರು ನನ್ನನ್ನು ಸುತ್ತುವರಿದು ನಿಂತರು. ಬೆವರಿಳಿಯುವ ಹನ್ನೆರಡು ಮುಖ. "ಗಮನ ಇಟ್ಟು ಕೇಳಿ," ಕೋಚ್ ಶುರು ಮಾಡಿದರು, "ಆ ಎತ್ತರದ ಹುಡುಗಿ ಇದ್ದಾಳಲ್ಲ, ಅವಳನ್ನು..." ಅಲ್ಲಿಗೆ ಖಲಾಸ್. ನನ್ನ ಫೋನಿನ ಚಾರ್ಜು ಮುಗಿಯಿತು.

"ಸರ್ ಏನಂದ್ರು, ಮ್ಯಾಮ್?" ಕ್ಯಾಪ್ಟನ್ ಕೇಳಿದಳು. ಗೊತ್ತಿಲ್ಲ ಎನ್ನಲು ನನ್ನಿಂದಾಗಲಿಲ್ಲ. ಸತ್ತ ಫೋನನ್ನು ಕಿವಿಗೆ ಒತ್ತಿ ಹಿಡಿದು, ಗಂಭೀರವಾಗಿ ತಲೆ ಆಡಿಸಿ ಹೇಳಿದೆ:

"ಬಾಲನ್ನು ಬುಟ್ಟಿಗೆ ಹಾಕಬೇಕಂತೆ."

ಮೊದಲು ಒಬ್ಬಳು ಕಿಸಕ್ಕೆಂದಳು. ಹನ್ನೆರಡೂ ಜನ ಹೊಟ್ಟೆ ಹಿಡಿದು ನಕ್ಕರು; ಆಡುವ ಐವರು ನಗುತ್ತಲೇ ಕೋರ್ಟಿಗೆ ಹೋದರು. ಒಬ್ಬಳು ಎಸೆದದ್ದು ತಪ್ಪಿತು. ಪುಟಿದ ಬಾಲನ್ನು ಕ್ಯಾಪ್ಟನ್ ಹಾರಿ ಹಿಡಿದು ಹಾಕಿಯೇ ಬಿಟ್ಟಳು. ಗಂಟೆ ಹೊಡೆಯಿತು. ನಾನು ಸೆಕ್ಯುರಿಟಿ ಹೆಂಗಸನ್ನು ತಬ್ಬಿಕೊಂಡೆ.

ಹೊರಗೆ ಕೋಚ್ ಟೊಮೆಟೊ ಬಣ್ಣಕ್ಕೆ ತಿರುಗಿ ನಿಂತಿದ್ದರು. ಗೆದ್ದ ಸುದ್ದಿ ಕೇಳಿ ಕಣ್ಣೊರೆಸಿಕೊಂಡು, ನನ್ನ ಎರಡೂ ಕೈ ಹಿಡಿದುಕೊಂಡರು.

"ಲೈನ್ ಕಟ್ಟಾಯಿತಲ್ಲ! ನನ್ನ ಪ್ಲಾನು ಪೂರ್ತಿ ಹೇಳಿದಿರಾ ಅವರಿಗೆ?"

"ಪೂರ್ತಿ ಇಲ್ಲ ಸರ್," ಎಂದೆ, "ಸಾರಾಂಶ ಹೇಳಿದೆ."