ಸೋಮಲಿಂಗ ಮಾಸ್ತರರು ಬೆಲ್ಟು ಬದಲಿಸಿದ್ದು

ಹೆಂಡತಿಯ ತಮ್ಮ ಪರಮೇಶ ಅಂದು ಬೆಳಿಗ್ಗೆ ಮುಧೋಳದಿಂದ ಫೋನು ಮಾಡದೇ ಇದ್ದಿದ್ದರೆ, ಬನಹಟ್ಟಿಯ ಸೋಮಲಿಂಗ ಮಾಸ್ತರರು ರವಿವಾರದ ಚಹಾ ಕುಡಿದು ಸುಮ್ಮನೆ ಪೇಪರು ಓದುತ್ತಿದ್ದರು.

ಮರುದಿನ ಬೀಳಗಿಯಲ್ಲಿ ನಾದಿನಿ ಗಂಗಾಂಬಿಕಾಳ ಕುಬಸ, ಅಂದರೆ ಸೀಮಂತ. ಮಾಸ್ತರರ ಹಳೆಯ ಕಾರಿನ ಟೈಮಿಂಗ್ ಬೆಲ್ಟು ಸವೆದಿತ್ತು. ಶನಿವಾರವೇ ಗ್ಯಾರೇಜಿನವನು ಮುಚ್ಚಳ ತೆಗೆದು ನೋಡಿ, ಹಲ್ಲು ಸವೆದಿವೆ, ಅಂಚಿನಲ್ಲಿ ಎಳೆ ಬಿಚ್ಚಿವೆ, ದಾರಿಯಲ್ಲಿ ಹರಿದರೆ ಇಂಜಿನ್ನಿನ ಹೊಟ್ಟೆಯೇ ಹಾಳಾದೀತು, ಇದನ್ನು ಬದಲಿಸದೆ ಓಣಿ ಸಹ ದಾಟಬೇಡಿ ಎಂದಿದ್ದ. ಹೊಸ ಬೆಲ್ಟನ್ನೂ ತರಿಸಿ ಕೈಗಿಟ್ಟಿದ್ದ. ಕೈಗಿಟ್ಟವನು ಅದೇ ರಾತ್ರಿ ಮದುವೆಗೆಂದು ಕೊಲ್ಲಾಪುರದ ಬಸ್ಸು ಹತ್ತಿಬಿಟ್ಟ.

ಇದೆಲ್ಲ ಪರಮೇಶನ ಕಿವಿಗೆ ಹೇಗೋ ಬಿದ್ದಿತ್ತು. ಅವನು ಹೊಸ ಕಾರು ಕೊಂಡ ಮೇಲೆ ಮಾತಿನ ಮೊದಲಿಗೊಮ್ಮೆ ಕೊನೆಗೊಮ್ಮೆ ಕಾರನ್ನು ತರದೆ ಬಿಡುತ್ತಿರಲಿಲ್ಲ.

“ಮಾಮಾರ, ನಿಮ್ಮ ಗಾಡಿ ಪಾಪ, ವಯಸ್ಸಾಗೇತಿ. ಅದಕ್ಕ ಯಾಕ ತ್ರಾಸ ಕೊಡತೀರಿ? ನಾನ ಬಂದು ಕರಕೊಂಡ ಹೋಗತೇನಿ. ಹಿಂದಿನ ಸೀಟಿನ್ಯಾಗ ಆರಾಮ ಕುಂಡ್ರಿ.”

ಮಾಸ್ತರರಿಗೆ ಹಿಂದಿನ ಸೀಟಿನ ಅನುಭವ ಇತ್ತು. ಕಳೆದ ಸಲ ಕುಳಿತಾಗ, ಕಾಲು ಮ್ಯಾಟಿನ ಮೇಲಿಡಿ, ಬಾಗಿಲು ಮೆಲ್ಲಗೆ ಹಾಕಿ, ಚುರುಮುರಿ ಉದುರಿಸಬೇಡಿ ಎಂಬ ಮೂರು ಉಪದೇಶಗಳು ಜಮಖಂಡಿ ಬರುವುದರೊಳಗೇ ಆಗಿದ್ದವು. ಅವರು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಬಾಳಿನಲ್ಲಿ ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಅಂದು ಮಾತ್ರ ಅವರ ಬಾಯಿಂದ ಎಂಥದೋ ಹೊರಬಿತ್ತು.

“ಬ್ಯಾಡಪಾ. ಬೆಲ್ಟ್ ನಾನ ಹಾಕತೇನಿ. ನಾಳೆ ನಮ್ಮ ಗಾಡ್ಯಾಗ ಬರತೇವಿ.”

ಆ ಕಡೆಯಿಂದ ಪರಮೇಶ ನಕ್ಕ ಸದ್ದು ಅಡುಗೆಮನೆಯಲ್ಲಿದ್ದ ರಾಜೇಶ್ವರಿಗೂ ಕೇಳಿಸಿತು. ಆಕೆ ಹಳೆಯ ಧೋತರವೊಂದನ್ನು ಹರಿದು, ಕೈ ಒರೆಸಿಕೊಳ್ಳಲು ಇರಲಿ ಎಂದು ಗಂಡನ ಹೆಗಲ ಮೇಲೆ ಹಾಕಿದಳು. ಅಷ್ಟರ ಮೇಲೆ ಹಿಂದೆ ಸರಿಯುವುದು ಮಾಸ್ತರರಿಗೆ ಸಾಧ್ಯವಿರಲಿಲ್ಲ.

ಅವರು ಮಾಡಿದ ಮೊದಲ ಕೆಲಸ ಚಿತ್ರ ಬರೆದದ್ದು. ಮೊಬೈಲಿನಲ್ಲಿ ಬೆಲ್ಟು ಬದಲಿಸುವ ವಿಡಿಯೋ ನೋಡುತ್ತ, ಮನೆಯ ಮುಂದಿನ ಫರಸಿಗಲ್ಲಿನ ನೆಲದ ಮೇಲೆ ಇಡೀ ಇಂಜಿನ್ನನ್ನು ಸೀಮೆಸುಣ್ಣದಲ್ಲಿ ಬಿಡಿಸಿದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಚಿತ್ರದಲ್ಲಿ ಅದರದರ ಜಾಗದ ಮೇಲೇ ಇಟ್ಟರು. ಕಾರಿನ ಒಡಲು ಬರಿದಾಗುತ್ತ ಹೋದಂತೆ ನೆಲದ ಮೇಲೆ ಇನ್ನೊಂದು ಕಾರು ಹುಟ್ಟುತ್ತಿತ್ತು. ಯಾರಿಗಾದರೂ ಕೈ ಮುಗಿಯಬೇಕು ಅನಿಸುವಂಥ ಕೆಲಸ.

ಬೆಲ್ಟು ಸುತ್ತುವ ಕೆಳಗಿನ ದೊಡ್ಡ ಗಾಲಿಯ ಬೋಲ್ಟಿಗೆ ಬಂದಾಗ ಮಾತ್ರ ಚಿತ್ರಕಲೆ ಸೋತಿತು. ಅದು ಅಲುಗಲಿಲ್ಲ. ಮಾಸ್ತರರು ಬೋಲ್ಟು ಬಿಚ್ಚುವ ಪಾನಾ ಹಿಡಿದು ತೂಗಿದರು, ಒದ್ದರು, ಕೊನೆಗೆ ಪಾನಾದ ಮೇಲೆಯೇ ನಿಂತರು. ಶಾಲೆಗೆ ಬರಲೊಲ್ಲದ ಹುಡುಗ ಬಾಗಿಲ ಚೌಕಟ್ಟು ಹಿಡಿದು ನಿಂತಂತೆ ಬೋಲ್ಟು ನಿಂತೇ ಇತ್ತು.

ಆಗ ಕರೆಂಟು ಹೋಯಿತು.

ಕರೆಂಟು ಹೋದರೆ ಬನಹಟ್ಟಿಗೆ ಕಿವಿ ಬರುತ್ತದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು, ಮಾಸ್ತರರು ಏದುಸಿರು ಬಿಡುವ ಸದ್ದು ಮನೆಮನೆಗೂ ಮುಟ್ಟಿತು. ಮೊದಲು ಬಂದವನು ಎದುರುಮನೆಯ ಪರಸಪ್ಪ, ಆರು ಮಗ್ಗಗಳ ಯಜಮಾನ. ಅವನ ಹಿಂದೆ ನಾಲ್ಕಾರು ನೇಕಾರರು. ಪಕ್ಕದ ಮನೆಯ ಮುದಕವ್ವ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮಾಸ್ತರರ ಕಟ್ಟೆಗೆ ಬಂದಳು.

ಈ ಬೆಲ್ಟಿನ ಕೆಲಸವೇನು ಎಂದು ಒಬ್ಬ ಕೇಳಿದ. ಮೇಲಿನ ಗಾಲಿ, ಕೆಳಗಿನ ಗಾಲಿ ಒಂದೇ ಲೆಕ್ಕದಲ್ಲಿ ತಿರುಗುವಂತೆ ಹಿಡಿದಿಡುವ ಹಲ್ಲಿನ ಪಟ್ಟಿ ಇದು ಎಂದು ಮಾಸ್ತರರು ವಿವರಿಸಿದರು.

“ತಿಳೀತ ತಗೋರಿ,” ಎಂದ ಪರಸಪ್ಪ. “ಮಗ್ಗದಾಗ ಎಳಿ ಬಾಯಿ ತಗದಾಗ ಲಾಳಿ ಓಡಬೇಕು. ಬಾಯಿ ಮುಚ್ಚಿದಾಗ ಓಡಿದ್ರ ಎಲ್ಲಾ ಹರಕೊಂಡ ಹೊಕ್ಕೈತಿ. ಅಷ್ಟ ಹೌದಲ್ಲ?”

ಅಷ್ಟೇ ಹೌದಾಗಿತ್ತು. ಪರಸಪ್ಪ ತನ್ನ ಶೆಡ್ಡಿನಿಂದ ಮಾರುದ್ದದ ಕಬ್ಬಿಣದ ಪೈಪು ತಂದು ಪಾನಾಕ್ಕೆ ಸಿಕ್ಕಿಸಿದ. ಮೂವರು ಅದಕ್ಕೆ ಜೋತುಬಿದ್ದರು. ನಡುವೆ ಕರೆಂಟು ಬಂತು. ಬೇರೆ ಓಣಿಗಳಲ್ಲಿ ಮಗ್ಗಗಳು ಖಟಖಟ ಶುರುವಾದವು. ಈ ಓಣಿಯಲ್ಲಿ ಒಬ್ಬನೂ ಪೈಪು ಬಿಟ್ಟು ಕದಲಲಿಲ್ಲ. ಕರೆಂಟಿದ್ದಾಗ ಮಗ್ಗ ನಿಲ್ಲಿಸುವುದೆಂದರೆ ನೇಕಾರನಿಗೆ ಏನೆಂದು ಮಾಸ್ತರರಿಗೆ ಗೊತ್ತಿತ್ತು. ಹೋಗ್ರಿ ಹೋಗ್ರಿ ಎಂದರೂ ಪರಸಪ್ಪ ಕೇಳಿಸಿಕೊಳ್ಳದವನಂತೆ ಇನ್ನಿಬ್ಬರನ್ನು ಕೂಗಿ ಕರೆದ. ಐವರ ಭಾರಕ್ಕೆ ಬೋಲ್ಟು ಒಮ್ಮೆ ಕೀರಿ ತಿರುಗಿತು. ಐವರೂ ಒಬ್ಬರ ಮೇಲೊಬ್ಬರು ಜೋಳದ ಚೀಲಗಳಂತೆ ಉರುಳಿದರು.

ಅಷ್ಟರಲ್ಲಿ ಸಣ್ಣ ಬೋಲ್ಟೊಂದು ಜಾರಿ ಇಂಜಿನ್ನಿನ ಸಂದಿಗೆ ಬಿತ್ತು. ಯಾರ ಬೆರಳೂ ಅಲ್ಲಿಗೆ ಹೋಗಲಿಲ್ಲ. ಮುದಕವ್ವ ಎದ್ದು ತನ್ನ ಮನೆಗೆ ಹೋಗಿ, ಎಳೆ ಸೇದುವ ಕೊಂಡಿ ತಂದಳು. ಕಣ್ಣು ಮುಚ್ಚಿಕೊಂಡು ಸಂದಿಯೊಳಗೆ ಬಿಟ್ಟು, ಒಂದೆರಡು ಸಲ ಆಚೀಚೆ ಆಡಿಸಿ, ಬೋಲ್ಟನ್ನು ಮೀನಿನಂತೆ ಮೇಲೆತ್ತಿದಳು. ಕಣ್ಣು ಯಾಕೆ ಮುಚ್ಚಿದಿ ಎಂದರೆ, ತೆರೆದರೂ ಅಷ್ಟೇ ಕಾಣುತ್ತದೆ, ಸುಮ್ಮನೆ ಅವಕ್ಕೆ ಯಾಕೆ ಆಸೆ ಹಚ್ಚಲಿ ಅಂದಳು.

ಮಾಸ್ತರರು ಗಾಲಿಗಳ ಮೇಲೆ ತಮ್ಮ ಅತಿ ಸಣ್ಣ ಬ್ರಷ್ಷಿನಿಂದ ಬಿಳಿ ಗುರುತು ಹಾಕಿದರು. ಬೆಲ್ಟು ಕಳಚಿದರು. ಹಳೆಯದನ್ನೂ ಹೊಸದನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ಹಲ್ಲುಗಳನ್ನು ಎಣಿಸಿದರು. ಸರಿಯಾಗಿದ್ದವು. ಅಷ್ಟಕ್ಕೆ ಊಟದ ಹೊತ್ತು ಮೀರಿತ್ತು. ರಾಜೇಶ್ವರಿ ಅವರನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಕೈ ಕರಿಯಾಗಿದ್ದರಿಂದ ರೊಟ್ಟಿ ಮುರಿದು ಅವಳೇ ಬಾಯಿಗಿಟ್ಟಳು.

ಊಟದ ನಡುವೆ ಹೊರಗಿನಿಂದ ಪರಸಪ್ಪ ಕೂಗಿದ. ಲಾಳಿಗೆ ಪೆಟ್ಟು ಕೊಡುವ ಕೋಲಿಗೆ ಕಟ್ಟಲು ಗಟ್ಟಿ ಪಟ್ಟಿ ಬೇಕಿತ್ತಂತೆ, ಹಳೆಯ ಬೆಲ್ಟು ಒಯ್ಯಲೇ ಎಂದು ಕೇಳಿದ. ಕಟ್ಟೆ ಮೇಲೆ ಐತಿ, ಒಯ್ಯಿ ಮಾರಾಯಾ, ಇಷ್ಟು ಮಾಡಿದವನಿಗೆ ಅದೊಂದು ದೊಡ್ಡದೇ ಎಂದು ಮಾಸ್ತರರು ಒಳಗಿನಿಂದಲೇ ಹೇಳಿದರು.

ಊಟ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಹಿತ್ತಾಳೆ ತಾಟು. ತಾಟಿನಲ್ಲಿ ಬೆಲ್ಟು. ಬೆಲ್ಟಿನ ಸುತ್ತ ದಪ್ಪನೆಯ ವಿಭೂತಿ ಪಟ್ಟೆಗಳು, ನಡುನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಪಕ್ಕದಲ್ಲಿ ಮುದಕವ್ವ ಊದುಬತ್ತಿ ಬೆಳಗುತ್ತಿದ್ದಳು. ಮಗ್ಗಕ್ಕೆ ಹೊಸ ಸಾಮಾನು ಹಾಕುವಾಗ ಪೂಜೆ ಮಾಡದೆ ಹಾಕುವ ಪದ್ಧತಿ ಆ ಓಣಿಯಲ್ಲಿ ಇರಲಿಲ್ಲ. ಮಾಸ್ತರರ ಮನಸ್ಸು ತುಂಬಿ ಬಂತು.

ವಿಡಿಯೋದವನು ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿರುತ್ತದೆ, ಅದು ತಿರುಗುವ ದಿಕ್ಕಿಗೇ ಇರಬೇಕು ಎಂದಿದ್ದ. ಬಾಣ ಕಾಣಲಿಲ್ಲ, ವಿಭೂತಿಯ ಕೆಳಗೆ ಸೇರಿರಬೇಕು. ಒರೆಸಲೆಂದು ಮಾಸ್ತರರು ಬೆರಳು ತಂದರು. ಮುದಕವ್ವ ಕೈಮುಗಿದು ನೋಡುತ್ತಿದ್ದಳು. ಬೆರಳು ತಾನಾಗಿಯೇ ಹಿಂದೆ ಬಂತು. ಬಾಣ ಒಂದು ಕಡೆ ಇದ್ದರಾಯಿತು, ಆ ಮುಖ ಬಾಡಬಾರದು.

ಬಿಳಿ ಗುರುತಿಗೆ ಬಿಳಿ ಗುರುತು ಕೂಡಿಸಿ ಬೆಲ್ಟು ಏರಿಸಿದರು. ಬಿಗಿ ನೋಡಿದರು. ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿದರು. ಕೂದಲೆಳೆ ಸರಿದಿರಲಿಲ್ಲ. ನೆಲದ ಮೇಲಿನ ಕಾರು ಬೋಲ್ಟು ಬೋಲ್ಟಾಗಿ ಕರಗಿ ನಿಜವಾದ ಕಾರಿನೊಳಗೆ ಹೋಯಿತು. ಕಡೆಗೆ ಫರಸಿಯ ಮೇಲೆ ಒಂದೂ ಉಳಿಯಲಿಲ್ಲ. ದೊಡ್ಡ ದೊಡ್ಡ ಗ್ಯಾರೇಜಿನವರಿಗೂ ಎರಡು ಮೂರು ಉಳಿಯುತ್ತವೆ ಎಂದು ಕೇಳಿದ್ದೇವೆ.

ಸಂಜೆಯ ಇಳಿಬಿಸಿಲಿನಲ್ಲಿ ಮಾಸ್ತರರು ಚಾವಿ ತಿರುಗಿಸಿದರು. ಓಣಿ ಉಸಿರು ಹಿಡಿಯಿತು. ಕಾರು ಒಂದು ಸಲ ಕೆಮ್ಮಿತು, ಆಮೇಲೆ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು.

ಮುದಕವ್ವ ನಿಂಬೆಹಣ್ಣು ನಿವಾಳಿಸಿದಳು. ಯಾರೋ ಚುರುಮುರಿ ತಂದರು. ರಾಜೇಶ್ವರಿ, ಗಂಡನ ಕರಿ ಮುಖ ಮತ್ತು ನಡೆಯುತ್ತಿರುವ ಇಂಜಿನ್ನು ಎರಡೂ ಬರುವಂತೆ ವಿಡಿಯೋ ಮಾಡಿ, ಬೀಳಗಿಗೂ ಮುಧೋಳಕ್ಕೂ ಕಳಿಸಿದಳು. ಮದುವೆಯಾದಂದಿನಿಂದ ಆಕೆ ಗಂಡನನ್ನು ಅಷ್ಟು ಹೊತ್ತು ಒಂದೇ ಸಮನೆ ನೋಡಿದ್ದಿಲ್ಲ.

ಆಗ ಪರಸಪ್ಪ ಬಂದ. ಕೈಯಲ್ಲಿ ಗೇಣುದ್ದದ ಕಪ್ಪು ತುಂಡುಗಳ ಕಟ್ಟು.

“ಮಾಸ್ತರ್ರ, ನಿಮ್ಮ ಹಳೇ ಬೆಲ್ಟ್ ಅಂದ್ರ ಏನ ಮಾಲ್ರೀ! ಕತ್ತಿಗೆ ಬಗ್ಗವಲ್ದು. ಆರೂ ಮಗ್ಗಕ್ಕ ಆತು, ಮತ್ತ ಉಳಿದಾವ. ಇಷ್ಟ ವರ್ಷ ತಿರಗೇತಿ, ಮ್ಯಾಲಿನ ಅಕ್ಷರ ಸೈತ ಮಾಸಿಲ್ಲ ನೋಡ್ರಿ.”

ಮಾಸ್ತರರು ನೋಡಿದರು. ತುಂಡಿನ ಮೇಲೆ ಅಚ್ಚಬಿಳಿಯ ಬಾಣವೊಂದು ಅವರ ಎದೆಯ ಕಡೆಗೇ ಮುಖ ಮಾಡಿತ್ತು.

ಅವರು ಇಂಜಿನ್ನು ಆರಿಸಿದರು. ಮೆಲ್ಲಗೆ ಹೋಗಿ ಮುದಕವ್ವನ ಪಕ್ಕ ಕಟ್ಟೆಯ ಮೇಲೆ ಕುಳಿತರು.

“ಯವ್ವಾ, ನೀ ಪೂಜಾ ಮಾಡಿದ್ದು ಯಾವ ಬೆಲ್ಟಿಗೆ?”

“ಹಳೇದಕ್ಕಪಾ,” ಎಂದಳು ಮುದಕವ್ವ. “ಹೊಸಾದಕ್ಕ ಎಲ್ಲಾರೂ ಮಾಡತಾರ. ಇಷ್ಟ ವರ್ಷ ನಿನ್ನ ಹೊತಗೊಂಡು ತಿರಗಿದ್ದು, ಕಟ್ಟಿ ಮ್ಯಾಲ ಧೂಳ ಹತ್ತಿ ಹಂಗ ಬಿದ್ದಿತ್ತು. ನೀ ಉಣ್ಣಾಕ ಹೋದಾಗ ಮನಿಗೆ ಒಯ್ದೆ. ಸೋಡಾ ಹಾಕಿ ತೊಳದೆ. ಅಂಚಿಗೆ ಎಳಿ ಬಿಚ್ಚಿದ್ವು, ಕತ್ತರೀಲೆ ಚಂದಂಗ ಕತ್ತರಿಸಿದೆ. ನೀ ಬಂದು ಅದನ್ನ ಮತ್ತ ಗಾಡಿಗೆ ಏರಿಸಿದಿ. ಕೈಬಿಡಲಿಲ್ಲಲ್ಲ, ಭಾಳ ದೊಡ್ಡ ಮನಸ್ಸು ನಿಂದು.”

ಅಷ್ಟು ಜನ ಅಷ್ಟು ಬೆವರು ಸುರಿಸಿಯೂ, ಕಾರು ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತ್ತು. ಪರಸಪ್ಪ ತುಂಡುಗಳನ್ನು ಎದೆಗವಚಿಕೊಂಡು ನಿಂತಿದ್ದ. ಮುದಕವ್ವನ ಹಣೆಯ ಮೇಲೆ ಬೆವರು ಇನ್ನೂ ಆರಿರಲಿಲ್ಲ.

“ಛಲೋ ಮಾಡಿದಿ ಬೇ,” ಎಂದರು ಮಾಸ್ತರರು. ಆ ಓಣಿಯಲ್ಲಿ ಅಂದು ನಡೆದ ಕೆಲಸಗಳಲ್ಲೆಲ್ಲ ಭಾರದ್ದು ಅದೇ.

ಇನ್ನು ಉಳಿದದ್ದು ಒಂದೇ ದಾರಿ. ಮಾನ ನುಂಗಿಕೊಂಡು ಪರಮೇಶನನ್ನೇ ಕರೆಯಬೇಕು. ಮ್ಯಾಟಿನ ಮೇಲೆ ಕಾಲಿಟ್ಟರಾಯಿತು, ಚುರುಮುರಿ ತಿನ್ನದಿದ್ದರಾಯಿತು. ಮನೆಯ ಹಿಂದೆ ಹೋಗಿ ಫೋನು ಹಚ್ಚಿದರು. ಅವರು ಬಾಯಿ ತೆರೆಯುವುದರೊಳಗೆ ಪರಮೇಶನೇ ಶುರು ಮಾಡಿದ.

“ಮಾಮಾರ, ವಿಡಿಯೋ ನೋಡಿದೇರಿ. ನಾ ನಕ್ಕಿದ್ದ ತಪ್ಪಾತು. ಇಲ್ಲಿ ಎಲ್ಲಾರಿಗೂ ತೋರಿಸೇನಿ, ನಮ್ಮ ಮಾಮಾನ ಕೈ ಅಂತ. ನನ್ನ ಗಾಡಿ ಗೆಳೆಯಾ ಪಂಢರಪುರಕ್ಕ ಕೇಳಿದ್ದ, ಈಗಷ್ಟ ಒಯ್ದ. ನಾನೂ ಅವ್ವನೂ ನಾಳೆ ಮುಂಜಾನಿ ಮೊದಲ್ನೇ ಬಸ್ಸಿಗೆ ಬನಹಟ್ಟಿಗೆ ಬರತೇವಿ. ನಿಮ್ಮ ಗಾಡ್ಯಾಗ ಹೋಗೂಣು. ಖರೆ ಹೇಳತೇನಿ, ನಿಮ್ಮ ಗಾಡ್ಯಾಗ ಕುಂಡ್ರಬೇಕಂತ ನನಗ ಇವತ್ತ ಮೊದಲ ಸಲ ಅನಿಸೇತಿ.”

ಈ ಮಾತು ಕೇಳಲು ಮಾಸ್ತರರು ವರ್ಷಗಟ್ಟಲೆ ಕಾದಿದ್ದರು. ಕೇಳಿದರು. ಬಾರಪಾ ಎಂದರು. ಫೋನು ಇಟ್ಟರು.

ಒಳಗೆ ರಾಜೇಶ್ವರಿ ಕುಬಸದ ಸೀರೆಯನ್ನು ಹಾಡು ಗುನುಗುತ್ತ ಮಡಚುತ್ತಿದ್ದಳು. ಮುಧೋಳದ ಮೊದಲ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾಸ್ತರರು ಕೇಳಿದರು.

“ಯಾಕ್ರಿ, ಅವ್ವನ್ನ, ಪರಮೇಶನ್ನ ಕರಕೊಂಡ ಬರಾಕ ಸ್ಟ್ಯಾಂಡಿಗೆ ಹೋಗತೀರೇನು?”

“ಹೂಂ,” ಎಂದರು ಮಾಸ್ತರರು. “ನೀನೂ ಸಾಮಾನ ತಗೊಂಡ ಬಾ. ಎಲ್ಲಾರೂ ಅಲ್ಲೇ ಬೀಳಗಿ ಬಸ್ಸ ಹತ್ತೂಣು.”